14ನೇ ನಡೆಗೆ 35 ಸೆಕೆಂಡ್

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಚೆಸ್ ಕಲಿಯುವ ಒಬ್ಬ ಹುಡುಗಿ ಸ್ವಲ್ಪ ದಿನದ ಹಿಂದೆ ಒಂದು ಪ್ರಶ್ನೆ ಕೇಳಿದಳು. "ಸರ್, ನಾನು ದಿನಾ ಆನ್‌ಲೈನ್‌ನಲ್ಲಿ ಬ್ಲಿಟ್ಜ್ ಆಡ್ತೀನಿ. ರೇಟಿಂಗ್ ನೂರು ಏರುತ್ತೆ, ನೂರು ಇಳಿಯುತ್ತೆ. ತಿಂಗಳುಗಟ್ಟಲೆ ಅಲ್ಲೇ ಇದ್ದೀನಿ. ನನ್ನ ಆಟದಲ್ಲಿ ಯಾವುದು ಚೆನ್ನಾಗಿದೆ, ಯಾವುದು ಸರಿ ಇಲ್ಲ, ನೋಡಿ ಹೇಳ್ತೀರಾ?"

ಚೆಸ್ ಆಡದವರಿಗಾಗಿ ಒಂದು ಮಾತು. ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯ ಕೊಟ್ಟು ಆಡುವ ಆಟಕ್ಕೆ ಬ್ಲಿಟ್ಜ್ ಅನ್ನುತ್ತಾರೆ. ಒಂದೇ ನಿಮಿಷದ ಆಟಕ್ಕೆ ಬುಲೆಟ್ ಅನ್ನುವ ಹೆಸರಿದೆ. ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಅಂಕ. ಈ ಹುಡುಗಿ ಆಡುವುದು 3 ನಿಮಿಷದ ಆಟ. ನಡೆಗೆ ಇಷ್ಟು ಅಂತ ಹೆಚ್ಚುವರಿ ಸೆಕೆಂಡೂ ಸಿಗುವುದಿಲ್ಲ. ನಿಮ್ಮ ಹತ್ತಿರ ಎಷ್ಟೇ ಕಾಯಿ ಉಳಿದಿರಲಿ, ಸಮಯ ಮುಗಿದರೆ ಸಾಮಾನ್ಯವಾಗಿ ಸೋತಿರಿ.

ಅವಳ 50 ಆಟ ತರಿಸಿಕೊಂಡು ಕುಳಿತೆ. ಆ ಆಟಗಳ ಬಗ್ಗೆಯೇ ಇವತ್ತು ಮಾತಾಡುತ್ತೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ.

ಆಟ ಮುಗಿದ ಕೂಡಲೇ ಈಗ ಎಲ್ಲರೂ ಅದನ್ನು ಕಂಪ್ಯೂಟರ್‌ಗೆ ಕೊಡುತ್ತಾರೆ. ಸ್ಟಾಕ್‌ಫಿಶ್ ಅನ್ನುವ ಎಂಜಿನ್ ಒಂದೊಂದು ನಡೆಯನ್ನೂ ನೋಡಿ, ಇದು ತಪ್ಪು, ಇದು ದೊಡ್ಡ ತಪ್ಪು ಅಂತ ಗುರುತು ಹಾಕುತ್ತದೆ. ನಾನೂ ಮೊದಲು ಅದನ್ನೇ ಮಾಡಿದೆ. ಆದರೆ ಏನು ತಪ್ಪಾಯಿತು ಅಂತ ಮಾತ್ರ ಎಂಜಿನ್ ಹೇಳುತ್ತದೆ, ಅಲ್ವಾ? ಯಾಕೆ ತಪ್ಪಾಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಇನ್ನೊಂದು ಕಡೆ ನೋಡಿದೆ. ಆನ್‌ಲೈನ್‌ನಲ್ಲಿ ಪ್ರತಿ ನಡೆಗೆ ಎಷ್ಟು ಸೆಕೆಂಡ್ ಹೋಯಿತು ಅನ್ನುವುದೂ ಆಟದ ಜೊತೆಗೇ ಉಳಿದಿರುತ್ತದೆ. ಎದುರುಬದುರು ಕೂತು ಬ್ಲಿಟ್ಜ್ ಆಡುವಾಗ ಸಾಮಾನ್ಯವಾಗಿ ಯಾರೂ ನಡೆಯನ್ನು ಬರೆದುಕೊಳ್ಳುವುದೇ ಇಲ್ಲ, ಇನ್ನು ಸೆಕೆಂಡಿನ ಲೆಕ್ಕ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ, ಆನ್‌ಲೈನ್ ಚೆಸ್ ಕಲಿಯುವವರಿಗೆ ಮಾಡಿರುವ ದೊಡ್ಡ ಉಪಕಾರ ಇದು.

ಮೊದಲು ಅವಳಲ್ಲಿರುವ ಒಳ್ಳೆಯದನ್ನು ಹೇಳುತ್ತೇನೆ.

ಅವಳ ಕಣ್ಣು ತುಂಬಾ ಚುರುಕು. ಒಂದು ಆಟ ನನಗೆ ಮರೆಯುವುದೇ ಇಲ್ಲ. ಬೋರ್ಡಿನ ಪ್ರತಿ ಮನೆಗೂ ಒಂದು ಅಕ್ಷರ, ಒಂದು ಸಂಖ್ಯೆ ಸೇರಿಸಿ ಹೆಸರಿಡುತ್ತಾರೆ. ಎದುರಾಳಿಯ ರಾಜ ಜಿ8ರಲ್ಲಿ, ಆನೆ ಸಿ8ರಲ್ಲಿ, ರಾಣಿ ಡಿ7ರಲ್ಲಿ. ಇವಳ ಕುದುರೆ ಡಿ5ರಲ್ಲಿ. ಅದು ಇ7ಕ್ಕೆ ಜಿಗಿಯುವ ಹಾಗಿಲ್ಲ, ಆ ಮನೆಯನ್ನು ರಾಣಿ ಕಾಯುತ್ತಿದೆ. ಇವಳು ತನ್ನ ಆನೆಯಿಂದ ಸಿ8ರ ಆನೆಯನ್ನು ಹೊಡೆದಳು. ಎದುರಾಳಿ ರಾಣಿಯಿಂದ ತಿರುಗಿ ಹೊಡೆದ. ಅಷ್ಟೇ, ಇ7ರ ಕಾವಲು ಹೋಯಿತು. ಕುದುರೆ ಅಲ್ಲಿಗೆ ಜಿಗಿಯಿತು. ರಾಜನಿಗೆ ಚೆಕ್, ಸಿ8ರಲ್ಲಿ ಬಂದು ಕೂತ ರಾಣಿಯೂ ಕುದುರೆಯ ಬಾಯಿಗೆ. ಇದಕ್ಕೆಲ್ಲ ಅವಳು ತೆಗೆದುಕೊಂಡ ಸಮಯ 2 ಸೆಕೆಂಡ್.

ಎರಡು ಸೆಕೆಂಡಿನಲ್ಲಿ ಇಷ್ಟೆಲ್ಲ ಲೆಕ್ಕ ಹಾಕಿದಳಾ? ಇಲ್ಲ. ಲೆಕ್ಕ ಹಾಕಲಿಲ್ಲ, ಗುರುತು ಹಿಡಿದಳು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟವೊಂದರ ಬೋರ್ಡನ್ನು 5 ಸೆಕೆಂಡ್ ತೋರಿಸಿ, ಮುಚ್ಚಿ, ಕಾಯಿಗಳನ್ನು ನೆನಪಿನಿಂದ ಮತ್ತೆ ಜೋಡಿಸಲು ಹೇಳಿದರು. ಸುಮಾರು 25 ಕಾಯಿಗಳಲ್ಲಿ ಮಾಸ್ಟರ್ ಆಟಗಾರ 16ರ ಆಸುಪಾಸು ಸರಿಯಾಗಿ ಇಟ್ಟ. ಹೊಸಬನಿಗೆ ನೆನಪಾಗಿದ್ದು 4ರಷ್ಟು. ಆಮೇಲೆ ಕಾಯಿಗಳನ್ನು ಸುಮ್ನೆ ಎಲ್ಲೆಂದರಲ್ಲಿ ಚೆಲ್ಲಿ ತೋರಿಸಿದರು. ಆಗ ಮಾಸ್ಟರ್‌ನ ಆ ಮೇಲುಗೈ ಹೋಗಿಬಿಟ್ಟಿತು. ಅಂದರೆ ಮಾಸ್ಟರ್‌ಗೆ ಇರುವುದು ಬೇರೆ ಥರದ ನೆನಪಿನ ಶಕ್ತಿ ಅಲ್ಲ. ಆಡಿ ಆಡಿ ತಲೆಯಲ್ಲಿ ಕೂತ ಚಿತ್ರಗಳು.

ಹಾಗಾಗಿ ವೇಗದ ಚೆಸ್ ಅಂದರೆ ಬೆರಳಿನ ವೇಗ ಅಂತ ತಿಳಿಯಬೇಡಿ. ವಿಶ್ವನಾಥನ್ ಆನಂದ್ 2017ರಲ್ಲಿ ವಿಶ್ವ ರ್‍ಯಾಪಿಡ್ ಚಾಂಪಿಯನ್ ಆದಾಗ ಅವರಿಗೆ 48 ವರ್ಷ. ಅದೂ ವೇಗದ ಆಟವೇ, ಬ್ಲಿಟ್ಜ್‌ಗಿಂತ ಸ್ವಲ್ಪ ಹೆಚ್ಚು ಸಮಯ ಇರುತ್ತದೆ. ಎದುರು ಕೂತವರಲ್ಲಿ ಅವರ ಅರ್ಧ ವಯಸ್ಸಿನವರೂ ಇದ್ದರು.

ಅವಳ ಇನ್ನೊಂದು ಗುಣ, ಕೈಚೆಲ್ಲುವುದಿಲ್ಲ. ಒಂದು ಕುದುರೆ ಹೋದರೂ ಆಡುತ್ತಲೇ ಇರುತ್ತಾಳೆ. ಎದುರಾಳಿಗೆ ಪ್ರತಿ ನಡೆಯಲ್ಲೂ ಒಂದು ಸಣ್ಣ ಪ್ರಶ್ನೆ ಕೇಳುತ್ತಾಳೆ, ಒಂದು ಚೆಕ್, ಒಂದು ಬೆದರಿಕೆ. ಗೆಲ್ಲುತ್ತಿರುವವನೂ ಯೋಚಿಸಬೇಕಲ್ಲ, ಅವನ ಗಡಿಯಾರವೂ ಓಡುತ್ತಲೇ ಇರುತ್ತದೆ. ಹೀಗೆ ಅವಳು ಉಳಿಸಿಕೊಂಡ ಆಟಗಳನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆ ಆಯಿತು. ಇದನ್ನು ಹೇಳಿಕೊಟ್ಟು ಬರಿಸುವುದು ಕಷ್ಟ.

ಈಗ ತೊಂದರೆಯ ಕಡೆ ಬರುತ್ತೇನೆ.

3 ನಿಮಿಷ ಅಂದರೆ 180 ಸೆಕೆಂಡ್. ಆಟ 40 ನಡೆ ನಡೆಯಿತು ಅಂತ ಇಟ್ಟುಕೊಳ್ಳಿ. ಒಂದು ನಡೆಗೆ ಸಿಗುವುದು ನಾಲ್ಕೂವರೆ ಸೆಕೆಂಡ್. ಅವಳ ಮೊದಲ 8 ನಡೆಗೆ 10 ಸೆಕೆಂಡೂ ಆಗುವುದಿಲ್ಲ. ಬಿಳಿ ಕಾಯಿ ಬಂದರೆ ಯಾವಾಗಲೂ ಲಂಡನ್ ಸಿಸ್ಟಮ್ ಅನ್ನುವ ಓಪನಿಂಗ್, ಅಂದರೆ ಆಟ ಶುರು ಮಾಡುವ ಕ್ರಮ, ಆಡುತ್ತಾಳೆ, ಆ ನಡೆಗಳು ಕೈಗೆ ಕೂತುಬಿಟ್ಟಿವೆ. ಆಮೇಲೆ 13, 14ನೇ ನಡೆಯ ಹೊತ್ತಿಗೆ ಇದ್ದಕ್ಕಿದ್ದಂತೆ ನಿಲ್ಲುತ್ತಾಳೆ. ಒಂದು ಆಟದಲ್ಲಿ 14ನೇ ನಡೆಗೆ 35 ಸೆಕೆಂಡ್. ಹೆಚ್ಚು ಕಡಿಮೆ 8 ನಡೆಯ ಸಮಯ ಒಂದೇ ನಡೆಗೆ ಹೋಯಿತು. ಏನು ಯೋಚಿಸುತ್ತಿದ್ದೆ ಅಂತ ಕೇಳಿದೆ. "ಆನೆಯನ್ನು ಸಿ ಸಾಲಿಗೆ ತರಲಾ, ಇ ಸಾಲಿಗೆ ತರಲಾ ಅಂತ ಗೊತ್ತಾಗ್ಲಿಲ್ಲ ಸರ್" ಅಂದಳು. ಎಂಜಿನ್ ತೆಗೆದು ನೋಡಿದೆವು. ಎರಡೂ ಒಂದೇ. ಯಾವುದನ್ನು ಆಡಿದ್ದರೂ ಏನೂ ಆಗುತ್ತಿರಲಿಲ್ಲ.

ಅದೇ ಆಟದ 31ನೇ ನಡೆ ನೋಡಿ. ಇಬ್ಬರಿಗೂ ಒಂದೊಂದು ಆನೆ. ಇವಳಿಗೆ ಒಂದು ಕಾಲಾಳು ಜಾಸ್ತಿ, ಅದೂ ಬೋರ್ಡಿನ ಅಂಚಿನಲ್ಲಿ, ಎಚ್ ಸಾಲಿನಲ್ಲಿ. ಇವಳು ಆನೆಗೆ ಆನೆ ಬದಲಾಯಿಸಿದಳು. 1 ಸೆಕೆಂಡ್. ಎದುರಾಳಿಯ ರಾಜ ನಡೆದು ಹೋಗಿ ಎಚ್8ರ ಮೂಲೆಯಲ್ಲಿ ಕೂತ. ಅಂಚಿನ ಕಾಲಾಳಿನ ಎದುರು ಮೂಲೆ ಹಿಡಿದ ರಾಜನನ್ನು ಎಬ್ಬಿಸುವುದಕ್ಕೆ ಆಗುವುದಿಲ್ಲ. ಆಟ ಡ್ರಾ. ಆನೆ ಇಟ್ಟುಕೊಂಡಿದ್ದರೆ ಗೆಲ್ಲುವ ಅವಕಾಶ ಉಳಿದಿರುತ್ತಿತ್ತು.

ಈ ಎರಡು ನಡೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಏನೂ ಇಲ್ಲದ ಕಡೆ 35 ಸೆಕೆಂಡ್, ಎಲ್ಲ ಇದ್ದ ಕಡೆ 1 ಸೆಕೆಂಡ್. ಉಳಿದ ಆಟಗಳಲ್ಲೂ ಇದೇ ಕಾಣಿಸಿತು. ಅವಳು ನಿಧಾನದವಳೂ ಅಲ್ಲ, ಅವಸರದವಳೂ ಅಲ್ಲ. ನಿಲ್ಲಬೇಕಾದ ಜಾಗ ಬಿಟ್ಟು ಬೇರೆ ಕಡೆ ನಿಲ್ಲುತ್ತಿದ್ದಾಳೆ.

ಹಾಗಾದರೆ ಎಲ್ಲಿ ನಿಲ್ಲಬೇಕು? ನಾನು ಅವಳಿಗೆ ಹೇಳಿದ್ದು ಇಷ್ಟು. ಎದುರಾಳಿ ನೀನು ಯೋಚಿಸಿಯೇ ಇರದ ನಡೆ ಆಡಿದಾಗ ನಿಲ್ಲು. ರಾಣಿಗಳು ಬೋರ್ಡಿನಿಂದ ಹೋಗುವ ಮೊದಲು ನಿಲ್ಲು. ಕೊನೆಯ ಆನೆ ಅಥವಾ ಕೊನೆಯ ಕುದುರೆ ಬದಲಾಯಿಸುವ ಮೊದಲಂತೂ ನಿಲ್ಲಲೇಬೇಕು, ಯಾಕೆಂದರೆ ಬರೀ ರಾಜ ಮತ್ತು ಕಾಲಾಳು ಉಳಿದ ಮೇಲೆ ತಪ್ಪನ್ನು ತಿದ್ದಿಕೊಳ್ಳಲು ಏನೂ ಕೈಯಲ್ಲಿ ಇರುವುದಿಲ್ಲ. ಬೇರೆ ಕಡೆ ಎರಡು ನಡೆ ಸಮ ಅನಿಸಿದರೆ, ಮೊದಲು ಹೊಳೆದದ್ದನ್ನು ಆಡಿಬಿಡು. 20ನೇ ನಡೆ ಆಡುವಾಗ ಗಡಿಯಾರದಲ್ಲಿ 100 ಸೆಕೆಂಡ್ ಇರಲಿ.

ಓಪನಿಂಗ್‌ನಲ್ಲೂ ಇದೇ ಕಥೆ. ಲಂಡನ್ ಸಿಸ್ಟಮ್‌ನಲ್ಲಿ ಬಿಳಿಯ ಕಪ್ಪು ಮನೆಯ ಒಂಟೆ ಬೇಗ ಎಫ್4ಕ್ಕೆ ಹೋಗುತ್ತದೆ. ಸಿ1ರಲ್ಲಿ ಕೂತು ಬಿ2ರ ಕಾಲಾಳನ್ನು ಕಾಯುತ್ತಿದ್ದುದು ಅದೇ ಒಂಟೆ. ಕಪ್ಪಿನ ರಾಣಿ ಬಿ6ಕ್ಕೆ ಬಂದರೆ ಆ ಕಾಲಾಳಿನ ಮೇಲೆ ಕಣ್ಣು ಬಿತ್ತು ಅಂತಲೇ ಅರ್ಥ. ಇವಳು ಅದನ್ನು ನೋಡದೆ ಬಾಯಿಪಾಠದ ಮುಂದಿನ ನಡೆ ಆಡಿ, ಕಾಲಾಳು ಕಳೆದುಕೊಂಡ ಆಟಗಳಿವೆ. ಸಿ3 ಆಡಿ ಆಗಿದ್ದರೆ ರಾಣಿಯನ್ನು ಬಿ3ಕ್ಕೆ ತಂದರೆ ಸಾಕು. ಅಲ್ಲಿ ಬೇಕಾಗಿದ್ದು 3 ಸೆಕೆಂಡ್. "ಈಗ ಅವನು ಯಾಕೆ ಇದನ್ನು ಆಡಿದ?" ಅಂತ ಒಮ್ಮೆ ಕೇಳಿಕೊಳ್ಳುವಷ್ಟು ಹೊತ್ತು.

ಪ್ರಿಮೂವ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಆನ್‌ಲೈನ್‌ಗೇ ಸೇರಿದ ವಿದ್ಯೆ ಅದು. ಎದುರಾಳಿ ಯೋಚಿಸುತ್ತಿರುವಾಗಲೇ ನಿಮ್ಮ ಮುಂದಿನ ನಡೆಯನ್ನು ಹಾಕಿಡಬಹುದು. ಲೀಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಇದಕ್ಕೆ ಸಮಯವೇ ಹೋಗುವುದಿಲ್ಲ, ಚೆಸ್ ಡಾಟ್ ಕಾಮ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ತಿರುಗಿ ಹೊಡೆಯುವ ನಡೆಯನ್ನು ಹೀಗೆ ಹಾಕಿಡುವುದರಲ್ಲಿ ಭಯ ಕಡಿಮೆ. ಎದುರಾಳಿ ನಿಮ್ಮ ಕಾಯಿಯನ್ನು ಹೊಡೆಯದಿದ್ದರೆ ಆ ಮನೆಯಲ್ಲಿ ನಿಮ್ಮದೇ ಕಾಯಿ ಇರುತ್ತದೆ, ನಡೆ ತಾನಾಗಿ ರದ್ದಾಗುತ್ತದೆ. ಆದರೆ ಇವಳು ರಾಣಿ ಮತ್ತು ರಾಜ ಉಳಿದಾಗಲೂ ಕುರುಡಾಗಿ ಪ್ರಿಮೂವ್ ಹಾಕಿ, ಎದುರಾಳಿಯ ಒಂಟಿ ರಾಜನಿಗೆ ನಡೆಯೇ ಇಲ್ಲದ ಹಾಗೆ ಮಾಡಿ, ಸ್ಟೇಲ್‌ಮೇಟ್ ಆಗಿ ಅರ್ಧ ಪಾಯಿಂಟ್ ಬಿಟ್ಟುಕೊಟ್ಟಿದ್ದಾಳೆ. ಅದನ್ನು ನೋಡುವಾಗ ನನ್ನ ಹೊಟ್ಟೆಯೇ ಕಿವುಚಿದಂತಾಯಿತು.

ಇದಕ್ಕೆ ಅಭ್ಯಾಸ ಒಂದೇ ದಾರಿ. ರಾಣಿ ಮತ್ತು ರಾಜ ಇದ್ದರೆ, ಯಾವ ಸ್ಥಿತಿಯಿಂದಾದರೂ ಹೆಚ್ಚೆಂದರೆ 10 ನಡೆಯಲ್ಲಿ ಒಂಟಿ ರಾಜನಿಗೆ ಮೇಟ್, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್, ಮಾಡಬಹುದು. ಆನೆ ಮತ್ತು ರಾಜ ಇದ್ದರೆ 16. ಕಂಪ್ಯೂಟರ್ ಎದುರು ದಿನಾ ಐದೈದು ಸಲ ಮಾಡು ಅಂದೆ. ಮೊದಲು ಸಮಯ ನೋಡದೆ, ಆಮೇಲೆ 30 ಸೆಕೆಂಡಿನಲ್ಲಿ, ಆಮೇಲೆ 15ರಲ್ಲಿ. ಕುದುರೆಯ ಹೊಡೆತ ಅವಳ ಕಣ್ಣಿಗೆ ಹೇಗೆ ಕೂತಿದೆಯೋ ಇದೂ ಹಾಗೇ ಕೂರಬೇಕು.

ಸೋತ ಮೇಲೆ ಏನು ಮಾಡುತ್ತಾಳೆ ಅನ್ನುವುದನ್ನೂ ನೋಡಿದೆ. ತಕ್ಷಣ ಮತ್ತೊಂದು ಆಟ. ಅದನ್ನೂ ಸೋತರೆ ಇನ್ನೊಂದು. ಆ ಮೂರನೇ ಆಟದ ನಡೆಗಳೆಲ್ಲ ಒಂದೊಂದು ಸೆಕೆಂಡಿನವು, ಸಿಟ್ಟಿನ ನಡೆಗಳು. ಎರಡು ಸತತ ಸೋತರೆ ಅವತ್ತಿಗೆ ಸಾಕು ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.

ಇನ್ನೊಂದು ಬದಲಾವಣೆಯನ್ನೂ ಮಾಡಿಸಿದ್ದೇನೆ. ಅರ್ಧದಷ್ಟು ಆಟಗಳನ್ನು 3 ನಿಮಿಷದ ಮೇಲೆ ನಡೆಗೆ 2 ಸೆಕೆಂಡ್ ಸೇರುವ ಹಾಗೆ ಆಡುತ್ತಾಳೆ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ಆಡುವುದೂ ಇದೇ ಲೆಕ್ಕದಲ್ಲಿ. ಹೀಗೆ ಸೆಕೆಂಡ್ ಸೇರಿಸುವ ಗಡಿಯಾರಕ್ಕೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1988ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. 1992ರಲ್ಲಿ ತಮ್ಮ ಹಳೆಯ ಎದುರಾಳಿ ಸ್ಪಾಸ್ಕಿ ಜೊತೆ ಮತ್ತೆ ಆಡಿದಾಗ ಆ ಗಡಿಯಾರವನ್ನೇ ಬಳಸಿದರು. 40 ನಡೆಗೆ 80 ಸೆಕೆಂಡ್ ಹೆಚ್ಚಿಗೆ ಸಿಗುತ್ತದೆ. ಕೊನೆಯವರೆಗೂ ಚೆಸ್ ಆಡಬಹುದು, ಮೌಸ್ ಓಡಿಸುವ ಪಂದ್ಯ ಆಗುವುದಿಲ್ಲ. ಎಂಡ್‌ಗೇಮ್ ಕಲಿಯಬೇಕಾದವರಿಗೆ ಇದೇ ಸರಿ ಅಂತ ನನ್ನ ಅನಿಸಿಕೆ.

ಕಳೆದ ವಾರ ಅವಳು ಒಂದು ಆಟ ಕಳಿಸಿದ್ದಳು. ಹಳೆಯ 3 ನಿಮಿಷದ ಆಟವೇ. ಕೊನೆಗೆ ಇವಳಿಗೆ ಒಂದು ಆನೆ, ಎರಡು ಕಾಲಾಳು. ಎದುರಾಳಿಗೆ ಒಂದೇ ಕಾಲಾಳು. ಗೆಲ್ಲುವ ಆಟ, ಆದರೆ ಇವಳ ಗಡಿಯಾರದಲ್ಲಿ ಉಳಿದಿದ್ದು 2 ಸೆಕೆಂಡ್. ಇವಳು ಆನೆಯಿಂದ ಆ ಒಂದು ಕಾಲಾಳನ್ನು ಹೊಡೆದಳು. ರಾಜ ಬಂದು ಆನೆಯನ್ನು ತಿಂದ. ಇವಳ ಸಮಯ ಮುಗಿಯಿತು. ಆದರೆ ಎದುರಾಳಿಯ ಹತ್ತಿರ ಈಗ ರಾಜ ಬಿಟ್ಟರೆ ಏನೂ ಇಲ್ಲ. ಮೇಟ್ ಮಾಡಲು ಸಾಧ್ಯವೇ ಇಲ್ಲದವನಿಗೆ ಸಮಯದ ಮೇಲೂ ಗೆಲುವು ಇಲ್ಲ. ಡ್ರಾ. ಆ 2 ಸೆಕೆಂಡಿನಲ್ಲಿ ಅವಳಿಗೆ ಆ ನಿಯಮ ನೆನಪಾಗಿತ್ತು.

ನಾನು ಸೆಕೆಂಡುಗಳ ಲೆಕ್ಕ ತೆಗೆದು ನೋಡಿದೆ. 14ನೇ ನಡೆಗೆ 5 ಸೆಕೆಂಡ್. 22ನೇ ನಡೆಗೆ 28. ಅಲ್ಲಿ ರಾಣಿ ಬದಲಾಯಿಸಬೇಕಾ ಬೇಡವಾ ಅನ್ನುವ ಪ್ರಶ್ನೆ ಇತ್ತು. ಬದಲಾಯಿಸಿದ್ದಳು, ಅದೇ ಸರಿ. ಅದನ್ನು ಬರೆದು ಕಳಿಸಿದೆ. 30ರಿಂದ 40ನೇ ನಡೆಯವರೆಗೆ ಸಮಯ ಎಲ್ಲಿ ಹೋಯಿತು, ನೀನೇ ನೋಡಿ ಹೇಳು ಅಂತಲೂ ಬರೆದೆ.

ಉತ್ತರ ಬಂತು. "ನೋಡ್ತೀನಿ ಸರ್. ಇನ್ನೊಂದು 50 ಆಟ ಕಳಿಸ್ಲಾ?"

ಕಳಿಸು ಅಂದಿದ್ದೇನೆ.

ನಮಸ್ಕಾರ.