ಮೊದಲು ಟ್ಯೂಬ್ ನೋಡಿ

(ಮಂಡ್ಯದಲ್ಲಿ ಲ್ಯಾಬ್ ತರಬೇತಿ ವಿದ್ಯಾರ್ಥಿಗಳ ಮುಂದೆ ಮಾಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮದ್ದೂರು, ಪಾಂಡವಪುರ, ನಾಗಮಂಗಲದ ಕಡೆಯಿಂದ ಬಂದವರೇ ಇಲ್ಲಿ ಜಾಸ್ತಿ. ಇನ್ನೇನು ಕೆಲಸಕ್ಕೆ ಸೇರುತ್ತೀರಿ. ಯಾರಾದರೂ ಕೇಳಿದರೆ ‘ಲ್ಯಾಬ್ ಅಸಿಸ್ಟೆಂಟ್ ಅಷ್ಟೇ’ ಅಂತ ದನಿ ತಗ್ಗಿಸಿ ಹೇಳುತ್ತೀರಿ, ಅಲ್ವಾ? ಆ ‘ಅಷ್ಟೇ’ ನನಗೆ ಸಿಟ್ಟು ತರಿಸುತ್ತದೆ. ಡಾಕ್ಟರ್ ಔಷಧಿ ಬರೆಯುವುದು ನಿಮ್ಮ ಕೈದಾಟಿ ಹೋದ ಅಂಕಿ ನೋಡಿ. ಮೆಷಿನ್ ಎಷ್ಟೇ ದುಬಾರಿ ಇರಲಿ, ರಕ್ತ ಹಿಡಿದ ಟ್ಯೂಬ್ ತಪ್ಪಿದ್ದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಪ್ರಿಂಟ್ ಮಾಡಿ ಕೊಡುತ್ತದೆ.

ಮೈಸೂರಿನ ಒಂದು ಲ್ಯಾಬಿನಲ್ಲಿ ನನ್ನ ಜೊತೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. ಒಂದು ಬೆಳಿಗ್ಗೆ ಒಬ್ಬ ಅಜ್ಜನ ಪೊಟ್ಯಾಸಿಯಂ 11 ಅಂತ ಬಂತು. ಇರಬೇಕಾದದ್ದು 3.5ರಿಂದ 5. ಹನ್ನೊಂದು ಅಂದರೆ ಹೃದಯವೇ ನಿಲ್ಲುವ ಮಟ್ಟ. ಎಲ್ಲರಿಗೂ ಗಾಬರಿ. ಅವಳು ಸುಮ್ನೆ ಕ್ಯಾಲ್ಸಿಯಂ ಸಾಲಿಗೆ ಕಣ್ಣು ಹಾಯಿಸಿದಳು. ಅದು ಪಾತಾಳಕ್ಕೆ ಇಳಿದಿತ್ತು. ತಕ್ಷಣ ವಾರ್ಡಿಗೆ ಫೋನ್ ಮಾಡಿದಳು, ಅಜ್ಜ ಹೇಗಿದ್ದಾರೆ ಅಂತ. ‘ಹೇಗಿರೋದು? ಇಡ್ಲಿಗೆ ಚಟ್ನಿ ಸಾಲದು ಅಂತ ಜಗಳ ಆಡ್ತಾ ಕೂತವ್ರೆ’ ಅಂದರು ಆ ಕಡೆಯಿಂದ. (ನಗು)

ಆಗಿದ್ದಿಷ್ಟು. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ಯಾರೋ ನೇರಳೆ ಮುಚ್ಚಳದ್ದರಿಂದ ಒಂಚೂರು ಸುರಿದಿದ್ದರು. ನೇರಳೆಯಲ್ಲಿ ಇರುವುದು ಇಡಿಟಿಎ ಅನ್ನೋ ರಾಸಾಯನಿಕ, ಅದೂ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಏರಿತು, ಇನ್ನೊಂದು ಇಳಿಯಿತು. ಮತ್ತೆ ರಕ್ತ ತೆಗೆದರು, ಎಲ್ಲ ಸರಿಯಾಗಿತ್ತು. ಆ ಹನ್ನೊಂದನ್ನು ನಂಬಿ ಪೊಟ್ಯಾಸಿಯಂ ಇಳಿಸೋ ಇಂಜೆಕ್ಷನ್ ಕೊಟ್ಟಿದ್ದರೆ ಅಜ್ಜನ ಗತಿ ಏನಾಗುತ್ತಿತ್ತು ಹೇಳಿ. ಅವಳೂ ‘ಅಸಿಸ್ಟೆಂಟ್ ಅಷ್ಟೇ’.

ಟ್ಯೂಬ್ ನೋಡಿ ಅಂತ ಇದಕ್ಕೇ ಬಡಕೊಳ್ಳುವುದು. ಶುಗರ್‌ಗೆ ಬೂದು ಮುಚ್ಚಳ, ಅದರಲ್ಲಿ ಸಕ್ಕರೆ ಕರಗದಂತೆ ತಡೆಯುವ ಫ್ಲೋರೈಡ್ ಇರುತ್ತದೆ. ಸಾದಾ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟ್. ಹಳ್ಳಿಯಲ್ಲಿ ತೆಗೆದ ಸ್ಯಾಂಪಲ್ ಮಧ್ಯಾಹ್ನದ ಬಸ್ಸಿನಲ್ಲಿ ಮಂಡ್ಯಕ್ಕೆ ಬರುವಷ್ಟರಲ್ಲಿ ಶುಗರ್ ಇದ್ದವರಿಗೂ ನಾರ್ಮಲ್ ಬಂದೀತು. ರಕ್ತ ಹೆಪ್ಪುಗಟ್ಟುವ ಟೆಸ್ಟಿಗೆ ಬಳಸುವ ನೀಲಿ ಮುಚ್ಚಳದ್ದಕ್ಕೆ ಗೆರೆವರೆಗೂ ರಕ್ತ ತುಂಬಲೇಬೇಕು: ಒಂಬತ್ತು ಪಾಲು ರಕ್ತ, ಒಂದು ಪಾಲು ಸಿಟ್ರೇಟ್.

ಹೆಸರು ಬರೆಯುವುದೂ ಹಾಸಿಗೆ ಪಕ್ಕದಲ್ಲೇ ಆಗಬೇಕು, ರಕ್ತ ತೆಗೆದ ಕೂಡಲೇ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ನಿಂಗಮ್ಮ, ಮೂವರು ಪುಟ್ಟಸ್ವಾಮಿ ಇರುತ್ತಾರೆ. ಹೆಸರೊಂದೇ ಸಾಲದು, ನಂಬರೂ ಬೇಕು.

ನಿಮ್ಮ ಹಾಗೇ ಲ್ಯಾಬ್ ಸಹಾಯಕನಾಗಿ ಶುರು ಮಾಡಿದ ವಿಜ್ಞಾನಿ ಮೈಕೆಲ್ ಫ್ಯಾರಡೆ ಬಗ್ಗೆ ವಿವರವಾಗಿ ಹೇಳೋಣ ಅಂತ ಬರೆದುಕೊಂಡು ಬಂದಿದ್ದೆ. ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಹುಡುಗ 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಲ್ಯಾಬ್ ಸಹಾಯಕನಾಗಿ ಸೇರಿದ. 1831ರಲ್ಲಿ ಅವನು ಕಂಡುಕೊಂಡ, ಆಯಸ್ಕಾಂತದಿಂದ ಕರೆಂಟ್ ಹುಟ್ಟಿಸುವ ತತ್ವದ ಮೇಲೆಯೇ ಶಿವನಸಮುದ್ರದಲ್ಲಿ ಇವತ್ತಿಗೂ ಕರೆಂಟ್ ತಯಾರಾಗುತ್ತಿದೆ. ಆದರೆ ಕಾರ್ಯಕ್ರಮ ನಡೆಸುವವರಿಂದ ಚೀಟಿ ಬಂತು, ಟೈಮಿಲ್ಲ.

ಉಳಿದದ್ದು ಬೇಗ ಬೇಗ. ಬಾಯಲ್ಲಿ ಪಿಪೆಟ್ ಎಳೆಯಬೇಡಿ. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಬೇಡಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು ಒಂದು, ಒಂದು ತಿಂಗಳು ಬಿಟ್ಟು ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು. ಕೆಲಸಕ್ಕೆ ಸೇರುವಾಗ ನೀವೇ ಬಾಯಿಬಿಟ್ಟು ಕೇಳಿ ಹಾಕಿಸಿಕೊಳ್ಳಿ. ಸಂಬಳದ ಬಗ್ಗೆ ಕೇಳಬೇಕು ಅನ್ನುವವರು ಕಾಫಿ ಹೊತ್ತಿಗೆ ಹೊರಗೆ ಸಿಗಿ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.