ಮೈಕ್ರೋವೇವ್ ಓವನ್‌ಗೆ ಒಗ್ಗದ ಆಹಾರಗಳು

ಸಭಿಕರೇ,

ಈ ವಿಷಯ ಎತ್ತಿದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ಊಟದಲ್ಲಿ ವಿಕಿರಣ ಉಳಿಯುತ್ತದೆಯೇ ಎಂಬುದು. ಉಳಿಯುವುದಿಲ್ಲ. ಓವನ್ ನಿಂತೊಡನೆ ಆಹಾರ ಕಾಯಿಸುವ ಮೈಕ್ರೋವೇವ್ ಅಲೆಗಳೂ ನಿಲ್ಲುತ್ತವೆ. ಆಹಾರದಲ್ಲಿ ಉಳಿಯುವುದು ಶಾಖ ಮಾತ್ರ. ಇಲ್ಲದ ಅಪಾಯಕ್ಕೆ ಅಂಜುವ ನಾವು ಇರುವ ಅಪಾಯವನ್ನು ಗಮನಿಸುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ. ಆ ಯಂತ್ರದ ಗಂಟೆ ಸಾರುವುದು ಸಮಯ ಮುಗಿಯಿತೆಂದು. ಆಹಾರ ಎಲ್ಲ ಕಡೆಯೂ ಕಾಯಿತೆಂದಲ್ಲ.

ಸುಮಾರು 12 ಸೆಂಟಿಮೀಟರ್ ಉದ್ದದ ಈ ಅಲೆಗಳು ಓವನ್ನಿನ ಲೋಹದ ಗೋಡೆಗಳಿಗೆ ಬಡಿದು ಮರಳುತ್ತ, ಒಂದರೊಡನೊಂದು ಬೆರೆತು, ಕೆಲವೆಡೆ ಬಲಗೊಂಡು ಕೆಲವೆಡೆ ಕುಗ್ಗುತ್ತವೆ. ಆಹಾರದೊಳಗೆ ಅವು ಚೆನ್ನಾಗಿ ಇಳಿಯುವುದು ಕೆಲವೇ ಸೆಂಟಿಮೀಟರ್. ಅದರಾಚೆಗೆ ಶಾಖ ತಾನೇ ನಿಧಾನವಾಗಿ ಹರಿಯಬೇಕು. ತಟ್ಟೆ ತಿರುಗುವುದು ಈ ಏರುಪೇರನ್ನು ತಗ್ಗಿಸಲೆಂದೇ. ಅದು ಪೂರ್ತಿ ಅಳಿಸಲಾರದು.

ಮೊಟ್ಟೆಯ ಮಾತು ಹೇಳದೆ ನಾನು ಮುಂದೆ ಹೋಗಲಾರೆ. 1945ರಲ್ಲಿ ಅಮೆರಿಕದ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರ ಕಿಸೆಯಲ್ಲಿದ್ದ ಮಿಠಾಯಿ ರೇಡಾರ್ ಉಪಕರಣದ ಬಳಿ ಕರಗಿದ್ದರಿಂದ ಈ ಓವನ್ನಿನ ಕಲ್ಪನೆ ಹುಟ್ಟಿತಂತೆ. ಅವರು ಬಳಿಕ ಇಟ್ಟು ನೋಡಿದ ಮೊಟ್ಟೆ ಹತ್ತಿರ ನಿಂತವರ ಮುಖಕ್ಕೇ ಸಿಡಿಯಿತೆಂದೂ ಹೇಳುತ್ತಾರೆ. ಚಿಪ್ಪಿರುವ ಮೊಟ್ಟೆ ಸಿಡಿಯುತ್ತದೆಂದು ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಒಮ್ಮೆ ಬೇಯಿಸಿ ಸುಲಿದಿಟ್ಟಿದ್ದ ಮೊಟ್ಟೆಯನ್ನು ಬಿಸಿ ಮಾಡಿದಾಗ ಅದು ಸದ್ದಿಲ್ಲದೆ ಹೊರಗೆ ಬಂತು, ತಟ್ಟೆಯಲ್ಲಿ ಅರ್ಧ ನಿಮಿಷ ಸುಮ್ಮನೆ ಕೂತಿತು, ಎಲ್ಲರೂ ಮಾತನಾಡುತ್ತ ಕೂತಿದ್ದರು. ಚಮಚದ ಅಂಚು ತಾಕಿದ್ದೇ ತಡ, ಪಟಾಕಿಯಂತೆ ಒಡೆದು ಹಳದಿಯ ಚೂರುಗಳು ಗೋಡೆಯವರೆಗೆ ಹಾರಿದವು. ಹಳದಿಯೊಳಗಿನ ನೀರಿನ ಸಣ್ಣ ಸಣ್ಣ ಹನಿಗಳು ಕುದಿಯುವ ಬಿಂದುವನ್ನು ದಾಟಿಯೂ ಕುದಿಯದೆ ಕಾದಿರುತ್ತವೆ, ಚುಚ್ಚಿದೊಡನೆ ಒಟ್ಟಿಗೆ ಆವಿಯಾಗುತ್ತವೆ. ಹಲ್ಲು ತಾಕಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ. ನುಣುಪಾದ ಲೋಟದಲ್ಲಿ ಹೆಚ್ಚು ಹೊತ್ತು ಕಾಯಿಸಿದ ಬರಿ ನೀರೂ ಹೀಗೆಯೇ. ಗುಳ್ಳೆಯೇ ಕಾಣದ ನೀರು ಕಾಫಿಪುಡಿ ಬಿದ್ದ ಕ್ಷಣದಲ್ಲಿ ಉಕ್ಕಿ ಕೈ ಸುಡಬಹುದು.

ಇನ್ನು ಕೂಸಿನ ಹಾಲು. ಬಾಟಲಿಯ ಹೊರಮೈ ಬೆಚ್ಚಗಿರುವಾಗಲೇ ಒಳಗಿನ ಹಾಲು ಒಂದೆಡೆ ಬಾಯಿ ಸುಡುವಷ್ಟು ಕಾದಿರಬಹುದು, ಮತ್ತು ಅತಿ ಬಿಸಿಯಿಂದ ಎದೆಹಾಲಿನ ರೋಗನಿರೋಧಕ ಅಂಶಗಳೂ ನಷ್ಟವಾಗುತ್ತವೆ. ದಯವಿಟ್ಟು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಅಲುಗಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಇಲ್ಲಿಯೂ ಗಂಟೆಯನ್ನು ನಂಬಬೇಡಿ.

ಹೊರಗೇ ಬಿಟ್ಟ ಅನ್ನದಲ್ಲಿ ತಪ್ಪು ಓವನ್ನಿನದಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೇಯುವ ಶಾಖದಲ್ಲೂ ಬದುಕುಳಿದು, ಅನ್ನ ಆರುತ್ತ ಕೂತಾಗ ಮೊಳೆತು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಕುದಿಯುವ ಶಾಖಕ್ಕೂ ಜಗ್ಗದು. ಹೊಗೆಯಾಡುವಂತೆ ಬಿಸಿ ಮಾಡಿದರೂ ಪ್ರಯೋಜನವಿಲ್ಲ. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್‌ನಲ್ಲಿಡಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿರುವುದರಿಂದ ಮಾಂಸದ ವಿಷಯವನ್ನು ಮೊಟಕುಗೊಳಿಸುತ್ತೇನೆ. ಮಂಜುಗಡ್ಡೆ ಈ ಅಲೆಗಳನ್ನು ಹೀರುವುದು ಬಹಳ ಕಡಿಮೆ, ನೀರು ಹೀರುವುದು ಹೆಚ್ಚು. ಆದ್ದರಿಂದ ಹೆಪ್ಪುಗಟ್ಟಿದ ಮಾಂಸದ ಅಂಚು ಬೇಯತೊಡಗಿದರೂ ನಡುಭಾಗ ಕಲ್ಲಾಗಿಯೇ ಇರುತ್ತದೆ. ಹಾಗೆ ಕರಗಿಸಿದ ಮಾಂಸವನ್ನು ಕೂಡಲೇ ಬೇಯಿಸಬೇಕು, ಕೋಳಿಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಅದನ್ನು ಹೇಳಬಲ್ಲದ್ದು ಥರ್ಮಾಮೀಟರ್, ಗಂಟೆಯಲ್ಲ. ಒಣಮೆಣಸಿನಕಾಯಿಯನ್ನು ಹುರಿಯಲು ಇಡಬೇಡಿ, ಬಾಗಿಲು ತೆರೆದೊಡನೆ ಘಾಟು ಕಣ್ಣಿಗೂ ಗಂಟಲಿಗೂ ನುಗ್ಗುತ್ತದೆ. ಎಣ್ಣೆಯಲ್ಲಿ ಕರಿಯುವ ಕೆಲಸವಂತೂ ಬೇಡವೇ ಬೇಡ.

ಓವನ್ನಿನಲ್ಲಿಟ್ಟ ದ್ರಾಕ್ಷಿಯಿಂದ ಬೆಂಕಿ ಏಳುವುದು ನಿಜವೇ ಎಂದು ಚೀಟಿ ಕಳಿಸಿದವರಿಗೆ ಒಂದೇ ಮಾತು: ಹೌದು, ಒಂದಕ್ಕೊಂದು ತಾಕಿದ ಎರಡು ದ್ರಾಕ್ಷಿಗಳ ನಡುವೆ ಅಲೆಗಳ ಬಲ ಒಟ್ಟುಗೂಡಿ ಬೆಂಕಿಯಂಥ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಪಡೆದು ಹೊಳೆಯುವ ಬಿಸಿ ಅನಿಲ, ಏಳುತ್ತದೆ. ಕೆನಡಾದ ಭೌತವಿಜ್ಞಾನಿಗಳು 2019ರಲ್ಲಿ ಇದರ ಕಾರಣವನ್ನು ವಿವರಿಸಿ ಪ್ರಕಟಿಸಿದ್ದಾರೆ. ಮನೆಯಲ್ಲಿ ಅದನ್ನು ಮಾಡಿ ನೋಡಬೇಡಿ, ಓವನ್ ಕೆಡುತ್ತದೆ.