ಮಕ್ಕಳು ಮತ್ತು ನಾಣ್ಯ ಸಂಗ್ರಹ: ಚಿಲ್ಲರೆ ಡಬ್ಬಿಯಿಂದ ಆರಂಭ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಅಂಗಿಯ ಜೇಬಿನಲ್ಲೋ, ದೇವರ ಮುಂದಿನ ತಟ್ಟೆಯಲ್ಲೋ, ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲೋ ಒಂದು ರೂಪಾಯಿಯ ನಾಣ್ಯ ಇದ್ದೇ ಇರುತ್ತದೆ. ದಯವಿಟ್ಟು ಅದನ್ನು ಕೈಗೆತ್ತಿಕೊಳ್ಳಿ; ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕರೆಯಿರಿ. ಇಸವಿಯನ್ನು ಅಚ್ಚೊತ್ತಿರುವ ಜಾಗದ ಕೆಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಗುರುತು ಕಾಣಬಹುದು. ಅದು ದುಂಡನೆಯ ಚುಕ್ಕಿಯಾಗಿದ್ದರೆ ನಿಮ್ಮ ನಾಣ್ಯ ನೊಯ್ಡಾದ ಟಂಕಸಾಲೆಯಲ್ಲಿ ಹುಟ್ಟಿದ್ದು, ವಜ್ರದ ಆಕಾರದಲ್ಲಿದ್ದರೆ ಮುಂಬಯಿಯದು, ನಕ್ಷತ್ರವಾಗಿದ್ದರೆ ಹೈದರಾಬಾದಿನದು. ಯಾವ ಗುರುತೂ ಇಲ್ಲವೆಂದು ಬೇಸರಪಡಬೇಕಾಗಿಲ್ಲ, ಗುರುತಿಲ್ಲದಿರುವುದೇ ಕೋಲ್ಕತ್ತದ ಗುರುತು.

ನಾಣ್ಯ ಸಂಗ್ರಹದ ಬಗ್ಗೆ ಮಕ್ಕಳಲ್ಲಿ ಆಸಕ್ತಿ ಮೂಡಿಸುವುದು ಹೇಗೆಂದು ಕೇಳುವ ತಂದೆತಾಯಿಯರಿಗೆ ನಾನು ಹೇಳುವುದು ಇಷ್ಟೆ: ಮಗುವಿಗೆ ನಾಣ್ಯಗಳನ್ನು ಕೊಡಬೇಡಿ, ಹುಡುಕುವ ಕೆಲಸವನ್ನು ಕೊಡಿ. ಅಜ್ಜನ ಕಾಲದ ಬೆಳ್ಳಿ ರೂಪಾಯಿಯನ್ನು ಹುಟ್ಟುಹಬ್ಬದ ದಿನ ಉಡುಗೊರೆಯಾಗಿ ಕೊಟ್ಟರೆ ಮಗು ಒಂದು ಕ್ಷಣ ಬೆರಗಿನಿಂದ ನೋಡಿ ಕಪಾಟಿನಲ್ಲಿಟ್ಟು ಮರೆಯುತ್ತದೆ, ಏಕೆಂದರೆ ಅದನ್ನು ಹುಡುಕಿದ ಸುಖ ಬೇರೆ ಯಾರಿಗೋ ಸಂದುಹೋಗಿರುತ್ತದೆ. ಅದೇ ಮಗುವಿಗೆ ಒಂದೇ ಇಸವಿಯ ಒಂದು ರೂಪಾಯಿಗಳಲ್ಲಿ ನಾಲ್ಕು ಊರುಗಳ ಗುರುತನ್ನೂ ಹುಡುಕಿ ತರಲು ಹೇಳಿ ನೋಡಿ. ಬಸ್ಸಿನ ನಿರ್ವಾಹಕರು ಕೊಟ್ಟ ಚಿಲ್ಲರೆ, ಹಾಲಿನ ಅಂಗಡಿಯ ಚಿಲ್ಲರೆ, ಮಾವನ ಸ್ಕೂಟರಿನ ಡಿಕ್ಕಿಯಲ್ಲಿ ಉರುಳಾಡುತ್ತಿದ್ದ ಚಿಲ್ಲರೆ, ಯಾವುದೂ ಅದರ ಕಣ್ಣು ತಪ್ಪಿಸಲಾರದು. ಈ ನಾಲ್ಕರ ಆಚೆಗೂ ಕೆಲವು ಗುರುತುಗಳಿವೆ. ದೇಶದಲ್ಲಿ ಚಿಲ್ಲರೆಗೆ ಬರ ಬಂದಿದ್ದ ಕಾಲದಲ್ಲಿ ಸರ್ಕಾರವು ಬ್ರಿಟನ್, ಕೆನಡಾ, ದಕ್ಷಿಣ ಆಫ್ರಿಕ, ಮೆಕ್ಸಿಕೊ ಮೊದಲಾದ ದೇಶಗಳ ಟಂಕಸಾಲೆಗಳಿಂದಲೂ ನಾಣ್ಯಗಳನ್ನು ಅಚ್ಚು ಹಾಕಿಸಿ ತರಿಸಿತ್ತು. ಹೀಗಾಗಿ ಸಂತೆಯಲ್ಲಿ ಸಿಕ್ಕ ಹಳೆಯ ನಾಣ್ಯವೊಂದು ಹಡಗಿನಲ್ಲಿ ಬಂದದ್ದೂ ಆಗಿರಬಹುದು.

ಕಣ್ಣಿಗೆ ಕೆಲಸ ಕೊಟ್ಟ ಮೇಲೆ ಕೈಗೂ ಕೊಡಬೇಕು. ಮನೆಯಲ್ಲಿರುವ ಸಣ್ಣ ಅಯಸ್ಕಾಂತವೊಂದನ್ನು ಮಕ್ಕಳಿಗೆ ಕೊಟ್ಟರೆ ನಾಣ್ಯಗಳು ತಾವಾಗಿಯೇ ಎರಡು ಗುಂಪಾಗುತ್ತವೆ. ಈಗಿನ ಉಕ್ಕಿನ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಭಾರತದ ಭೂಪಟವನ್ನು ಹೊತ್ತ, ಹನ್ನೊಂದು ಮೂಲೆಗಳ ಹಳೆಯ ಎರಡು ರೂಪಾಯಿ ತಾಮ್ರ ಮತ್ತು ನಿಕಲ್ ಬೆರಕೆಯದಾದ್ದರಿಂದ ಅಂಟುವುದಿಲ್ಲ. ಆದರೆ 1950ರ ದಶಕದ, ಅದಕ್ಕಿಂತ ಹಳೆಯದಾದ ಶುದ್ಧ ನಿಕಲ್ಲಿನ ರೂಪಾಯಿ ಮತ್ತೆ ಅಂಟುತ್ತದೆ. ಹಳೆಯದು ಅಂಟಿತು, ನಡುವಿನದು ಅಂಟಲಿಲ್ಲ, ಹೊಸದು ಅಂಟಿತು ಎಂಬ ಈ ಒಗಟನ್ನು ಬಿಡಿಸಲು ಹೊರಟ ಮಗು ಲೋಹಗಳ ಪಾಠವನ್ನು ಯಾರೂ ಹೇಳದೆಯೇ ಓದಿಕೊಳ್ಳುತ್ತದೆ. ಆಕಾರಗಳೂ ಹಾಗೆಯೇ. ಚೌಕಾಕಾರದ ಐದು ಪೈಸೆ, ಹೂವಿನಂತೆ ಅಂಚು ಬಾಗಿದ ಹತ್ತು ಪೈಸೆ, ಆರು ಮೂಲೆಯ ಮೂರು ಪೈಸೆ ಮತ್ತು ಇಪ್ಪತ್ತು ಪೈಸೆ, ಈಗ ಚಲಾವಣೆಯಲ್ಲಿರುವ ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ, ಇವುಗಳನ್ನು ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸುವ ಆಟವನ್ನು ಆಡಿಸಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಣ್ಯಗಳ ಹೆಸರು. ಐವತ್ತು ಪೈಸೆಯನ್ನು ಎಂಟಾಣೆ ಎಂದೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೂ ಹಿರಿಯರು ಏಕೆ ಕರೆಯುತ್ತಾರೆ ಎಂದು ಒಂದಲ್ಲ ಒಂದು ದಿನ ಮಗು ಕೇಳಿಯೇ ಕೇಳುತ್ತದೆ. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ನೂರು ನಯಾಪೈಸೆಯ ಲೆಕ್ಕಕ್ಕೆ ಬದಲಾಯಿತು. ನಾಲ್ಕಾಣೆಗೆ ಸರಿಯಾಗಿ ಇಪ್ಪತ್ತೈದು ಪೈಸೆ ಸಿಕ್ಕಿತು. ಆದರೆ ಒಂದಾಣೆಗೆ ಆರೂಕಾಲು ಪೈಸೆ! ಆ ಕಾಲು ಪೈಸೆಯನ್ನು ಅಂಗಡಿಯವನು ಬಿಡಬೇಕೋ ಗಿರಾಕಿ ಬಿಡಬೇಕೋ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು, ಅವರು ಮಾಡುವ ವಾದಗಳನ್ನು ಸುಮ್ಮನೆ ಕೇಳಿರಿ. ನಾಲ್ಕಾಣೆಯ ಚಲಾವಣೆ 2011ರ ಜೂನ್ ಕೊನೆಗೆ ಮುಗಿಯಿತಾದರೂ ಆ ಮಾತು ನಮ್ಮ ನಾಲಗೆಯನ್ನು ಬಿಟ್ಟು ಹೋಗಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ನಾವು ದಿನವೂ ಆಡುವ ಹಣ, ಕಾಸು, ದುಡ್ಡು ಎಂಬ ಮಾತುಗಳೆಲ್ಲ ಒಂದೊಂದು ನಾಣ್ಯದ ಹೆಸರುಗಳೇ. ಹಣವೆಂಬುದು ವರಹಕ್ಕಿಂತ ಚಿಕ್ಕದಾದ ಚಿನ್ನದ ನಾಣ್ಯ, ದುಡ್ಡು ತಾಮ್ರದ್ದು.

ಇಷ್ಟು ರುಚಿ ಹತ್ತಿದ ಮೇಲೆ ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಗಾಜಿನ ಪೆಟ್ಟಿಗೆಯ ಮುಂದೆ ಅವರು ತಾವಾಗಿಯೇ ನಿಲ್ಲುತ್ತಾರೆ. ಮೊದಲೇ ಕರೆದೊಯ್ದರೆ ತಿಂಡಿಯ ಅಂಗಡಿ ಎಲ್ಲಿ ಎಂದು ಕೇಳುತ್ತಾರೆ, ಇದು ನನ್ನ ಅನುಭವ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡ ಅಕ್ಷರಗಳಲ್ಲಿ ಬರೆಸಿದೆ. ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿ ಪತ್ರಿಕೆ, ಬಾನುಲಿ ಒಂದೂ ಇಲ್ಲದ ಕಾಲದಲ್ಲಿ ಹೀಗೆ ಕೈಯಿಂದ ಕೈಗೆ ದಾಟುತ್ತಾ ಸಾಗಿತು. ಟಿಪ್ಪು ಸುಲ್ತಾನನು ಆನೆಯ ಚಿತ್ರವಿದ್ದ ತನ್ನ ತಾಮ್ರದ ನಾಣ್ಯಗಳಿಗೆ ಆಕಾಶದಿಂದ ಹೆಸರುಗಳನ್ನು ತಂದನು: ಪೈಸೆಗೆ ಜೋಹ್ರಾ ಎಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಎಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಎಂದರೆ ನಕ್ಷತ್ರ, ಅದರ ಅರ್ಧಕ್ಕೆ ಕುತ್ಬ್ ಎಂದರೆ ಧ್ರುವ. ಅವನ ಆಳ್ವಿಕೆಯ ಕೊನೆಗಾಲದ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ಹೇಳಿದರೆ ಸಾಕು, ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ.

ಇನ್ನು ಜೋಪಾನದ ಮಾತು. ನಾನು ಆರನೆಯ ತರಗತಿಯಲ್ಲಿದ್ದಾಗ ಅಜ್ಜಿಯ ಎಲೆಯಡಿಕೆ ಚೀಲದಿಂದ ನಾಲ್ಕು ತೂತು ಕಾಸುಗಳು ಸಿಕ್ಕಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸಲೆಂದು ನಡುವೆ ದೊಡ್ಡ ತೂತು ಬಿಟ್ಟು ಹೊರಡಿಸಿದ ಕಾಸುಗಳವು. ಅವು ಕಪ್ಪಾಗಿವೆಯೆಂದು ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಹೊಸ ಚೊಂಬಿನಂತೆ ಫಳಫಳ ಹೊಳೆಯಿಸಿದೆ. ಮರುದಿನ ಹೆಮ್ಮೆಯಿಂದ ಮೇಷ್ಟರಿಗೆ ತೋರಿಸಿದಾಗ ಅವರು ಬೈಯಲಿಲ್ಲ, ಇಸವಿ ಎಷ್ಟೆಂದು ಓದಲು ಹೇಳಿದರು. ಮೊದಲೇ ಸವೆದಿದ್ದ ಅಂಕಿಗಳು ಮೂರು ಕಾಸುಗಳಲ್ಲಿ ಮಾಯವಾಗಿದ್ದವು. ಲೋಹದ ಮೇಲೆ ಕಾಲ ಹಚ್ಚಿದ ಬಣ್ಣವೇ ಅದರ ರಕ್ಷೆ. ಅಂಚನ್ನು ಹಿಡಿದು ಎತ್ತಬೇಕು, ಒಣಬಟ್ಟೆಯ ಮೇಲಿಡಬೇಕು, ತಿಕ್ಕಬಾರದು. ದುಬಾರಿ ಆಲ್ಬಮ್ ಸದ್ಯಕ್ಕೆ ಬೇಡ. ಅಗ್ಗದ ಪ್ಲಾಸ್ಟಿಕ್ ಹಾಳೆಗಳು ಕೆಲವೊಮ್ಮೆ ಜಿಗುಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತವೆ. ಬಿಳಿ ಕಾಗದದಲ್ಲಿ ಮಡಿಸಿದ ಸಣ್ಣ ಲಕೋಟೆಗಳೇ ವಾಸಿ.

ಬೆಲೆಯ ಪ್ರಸ್ತಾಪವನ್ನು ಮಾತ್ರ ಮಕ್ಕಳ ಮುಂದೆ ತರಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಶುಲ್ಕದ ನೆಪದಲ್ಲಿ ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯಗಳ ಗಂಟು ಸಿಕ್ಕರೆ ಅದನ್ನು ಆಡಳಿತಕ್ಕೆ ತಿಳಿಸಬೇಕೆಂದು ಕಾನೂನಿದೆ ಎಂಬುದನ್ನೂ ಮಕ್ಕಳಿಗೆ ಹೇಳಿಡಿ.

ಲಕೋಟೆಯ ಮೇಲೆ ಏನು ಬರೆಯಬೇಕು? ಇಸವಿ, ಟಂಕಸಾಲೆಗಳ ಜೊತೆಗೆ ಅದು ಎಲ್ಲಿ, ಯಾರಿಂದ ಸಿಕ್ಕಿತೆಂಬುದನ್ನೂ ಬರೆಯಿಸಿ. ನನ್ನ ಮೊಮ್ಮಗಳ ಬಳಿ 2006ರಲ್ಲಿ ಹೊರಡಿಸಿದ ಬಸವೇಶ್ವರರ ಐದು ರೂಪಾಯಿ ನಾಣ್ಯವೊಂದಿದೆ. ಅದರ ಲಕೋಟೆಯ ಮೇಲೆ ‘ಸೊಪ್ಪಿನ ಅಜ್ಜಿ ಕೊಟ್ಟ ಚಿಲ್ಲರೆ, ಶನಿವಾರ, ಮಳೆ ಬರುತ್ತಿತ್ತು’ ಎಂದು ಅವಳೇ ಬರೆದಿದ್ದಾಳೆ. ಮೊನ್ನೆ ಅವಳ ಗೆಳತಿ ಅದಕ್ಕೆ ಬದಲಾಗಿ ಖಡ್ಗಮೃಗದ ನಾಲ್ಕಾಣೆ ಮೂರನ್ನು ಕೊಡುತ್ತೇನೆಂದಳು. ಇವಳು ಒಪ್ಪಲಿಲ್ಲ. ಇನ್ನೊಂದು ಬಸವಣ್ಣ ಸಿಕ್ಕರೆ ಕೊಡುವುದಾಗಿ ಹೇಳಿ, ಈಗ ಪ್ರತಿ ಶನಿವಾರ ಸೊಪ್ಪು ತರಲು ತಾನೇ ಹೋಗುತ್ತಿದ್ದಾಳೆ.